ತಿಂಗಳ ಎರಡನೇ ಶನಿವಾರದ ಗಾಳಿ

ನಮ್ಮ ಹವಾಮಾನ ಕಚೇರಿಯಲ್ಲಿ ಶುಕ್ರವಾರ ಬೆಳಗ್ಗೆ ಎಂಟರಿಂದ ಹನ್ನೆರಡರವರೆಗೆ ಯಾರೂ ಜೋರಾಗಿ ಮಾತಾಡುವಂತಿಲ್ಲ. ಆ ಹೊತ್ತಿನಲ್ಲಿ ಭಾಗಶಃ ಸಾರ್ ಇಡೀ ದೇಶದ ವಾರಾಂತ್ಯವನ್ನು ಬರೆಯುತ್ತಿರುತ್ತಾರೆ. ನಮ್ಮದು ಸಣ್ಣ ದೇಶವಲ್ಲ. ಒಂದು ತುದಿಯವರು ಹಾಸಿಗೆಯಿಂದ ಏಳುವ ಹೊತ್ತಿಗೆ ಇನ್ನೊಂದು ತುದಿಯವರು ಮಧ್ಯಾಹ್ನದ ಪಾತ್ರೆ ತೊಳೆದು ಬೋರಲು ಹಾಕಿರುತ್ತಾರೆ. ಶರತ್ಕಾಲದ ಆರಂಭದಲ್ಲಂತೂ ಈ ದೇಶ ಹತ್ತು ಮಕ್ಕಳ ಮನೆಯಂತೆ. ಪಶ್ಚಿಮದ ಬಯಲಿಗೆ ಬೇಸಿಗೆ ಮುಗಿದಿದೆಯೆಂದು ಯಾರೂ ಹೇಳಿರುವುದಿಲ್ಲ, ಅದು ಇನ್ನೂ ಬೆವರುತ್ತಿರುತ್ತದೆ. ಉತ್ತರದ ಬೆಟ್ಟಗಳು ಅವಸರಪಟ್ಟು ಮೊದಲ ಹಿಮ ಹೊದ್ದಿರುತ್ತವೆ. ನಡುನಾಡಿನ ನದಿಗಳ ಮೇಲೆ ಬೆಳಗಿನ ಮಂಜು, ದಕ್ಷಿಣದಲ್ಲಿ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಂತ ಮಳೆ. ಇಷ್ಟನ್ನೂ ಒಂದೂವರೆ ಪುಟದಲ್ಲಿ ಹಿಡಿಸಿ ಹನ್ನೆರಡಕ್ಕೆ ರೇಡಿಯೋದವರ ಕೈಗೆ ಕೊಡಬೇಕು.

ಭಾಗಶಃ ಸಾರ್‌ಗೆ ತಂದೆತಾಯಿ ಇಟ್ಟ ಹೆಸರು ಒಂದಿದೆ. ಹಾಜರಿ ಪುಸ್ತಕ ಬಿಟ್ಟರೆ ಅದನ್ನು ಯಾರೂ ಬಳಸುವುದಿಲ್ಲ. ಇಪ್ಪತ್ತಾರು ವರ್ಷ ‘ಭಾಗಶಃ ಮೋಡ ಕವಿದ ವಾತಾವರಣ’ ಎಂದು ಬರೆದೂ ಬರೆದೂ ಅವರ ಮುಖವೇ ಹಾಗಾಗಿದೆಯೆಂದು ಕಚೇರಿಯವರ ಅಭಿಪ್ರಾಯ. ಪೂರ್ತಿ ನಗುವುದಿಲ್ಲ, ಪೂರ್ತಿ ಸಿಟ್ಟಾಗುವುದೂ ಇಲ್ಲ. ಅವರು ಬರೆದದ್ದನ್ನು ಜನಕ್ಕೆ ಅರ್ಥವಾಗುವ ಹಾಗೆ ತಿದ್ದುವುದು ನನ್ನ ಕೆಲಸ. ಆದ್ದರಿಂದ ನನ್ನ ಮೇಜು ಅವರ ಮೇಜಿಗೆ ಎದುರು. ಹದಿನಾಲ್ಕು ವರ್ಷದಿಂದ ಒಬ್ಬರ ಟಿಫಿನ್ ಡಬ್ಬಿಯಲ್ಲಿ ಏನಿದೆಯೆಂದು ಇನ್ನೊಬ್ಬರು ಮೂಗಿನಿಂದಲೇ ಹೇಳಬಲ್ಲೆವು.

ನಮ್ಮಲ್ಲಿ ಪದಗಳಿಗೆ ಅಳತೆಯಿದೆ. ನೂರು ಊರಿಗೆ ಇಪ್ಪತ್ತೈದಕ್ಕಿಂತ ಕಡಿಮೆ ಊರಲ್ಲಿ ಮಳೆಯಾದರೆ ‘ಅಲ್ಲಲ್ಲಿ’. ಐವತ್ತರವರೆಗೆ ‘ಕೆಲವೆಡೆ’. ಎಪ್ಪತ್ತೈದರವರೆಗೆ ‘ಹಲವೆಡೆ’. ಅದರ ಮೇಲೆ ‘ಬಹುತೇಕ ಎಲ್ಲೆಡೆ’. ಈ ಅಳತೆ ಭಾಗಶಃ ಸಾರ್ ಜೊತೆ ಮನೆಗೂ ಹೋಗಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿ, “ಉಪ್ಪು ಸರಿಯಾಗಿದೆಯೇನ್ರೀ?” ಎಂದು ಕೇಳಿದಾಗ ಇವರು ಯೋಚಿಸಿ, “ಕೆಲವೆಡೆ” ಎಂದರಂತೆ. ಆಕೆ ಅಂದಿನಿಂದ ಉಪ್ಪಿನ ವಿಷಯ ಕೇಳುವುದನ್ನೇ ಬಿಟ್ಟರಂತೆ.

ಆ ಹೆಂಡತಿ ಈಗ ಮನೆಯಲ್ಲಿಲ್ಲ. ಶಾಲೆಯ ಟೀಚರು. ಮೂರು ವರ್ಷದ ಹಿಂದೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂತು. ಬಡ್ತಿಯ ಜೊತೆಗೆ ಪೂರ್ವ ಸಮುದ್ರದ ಒಂದು ದ್ವೀಪವೂ ಬಂತು. ಮನೆಯಲ್ಲಿದ್ದವರು ಇಬ್ಬರೇ, ಕೇಳಬೇಕಾದವರು ಬೇರೆ ಯಾರೂ ಇರಲಿಲ್ಲ. ಭಾಗಶಃ ಸಾರ್ ದೊಡ್ಡ ಮನಸ್ಸು ಮಾಡಿ, “ಹೋಗು, ಹವಾಮಾನ ನಾನು ನೋಡ್ಕೋತೀನಿ” ಎಂದು ಕಳಿಸಿಕೊಟ್ಟರು. ದ್ವೀಪದಿಂದ ನಮ್ಮ ಕಡೆಯ ಬಂದರಿಗೆ ಲಾಂಚ್‌ನಲ್ಲಿ ಐದು ಗಂಟೆ, ಬಂದರಿನಿಂದ ನಮ್ಮೂರಿಗೆ ಬಸ್ಸಿನಲ್ಲಿ ಎರಡು. ತಿಂಗಳ ಎರಡನೇ ಶನಿವಾರ ಬೆಳಗ್ಗೆ ಏಳಕ್ಕೆ ಆಕೆ ಲಾಂಚ್ ಹತ್ತಿದರೆ ಮಧ್ಯಾಹ್ನ ಎರಡೂವರೆಗೆ ಮನೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ವಾಪಸು ಹೊರಡಬೇಕು. ತಿಂಗಳಿಗೆ ಇಪ್ಪತ್ತು ಗಂಟೆಯೂ ತುಂಬದ ಸಂಸಾರ.

ಅದೂ ವರ್ಷಪೂರ್ತಿಯಲ್ಲ. ಶರತ್ಕಾಲ ಕಾಲಿಟ್ಟ ಮೇಲೆ ಲಾಂಚ್ ನಿಂತುಬಿಡುತ್ತದೆ, ಮತ್ತೆ ಬಿಡುವುದು ವಸಂತಕ್ಕೆ. ನಡುವಿನ ಐದು ತಿಂಗಳು ಒಂದು ಸರಕಿನ ಹಡಗು ಆಗಾಗ ಹಿಟ್ಟು, ಡೀಸೆಲ್, ಅಂಚೆ ಹೊತ್ತು ಹೋಗಿ ಬರುತ್ತದೆ. ಎಂಟು ಜನ ಪ್ರಯಾಣಿಕರಿಗೂ ಜಾಗ ಕೊಡುತ್ತಾರೆ, ಆದರೆ ಹೋಗಿ ಬರಲು ವಾರ ಹಿಡಿಯುತ್ತದೆ. ಶಾಲೆ ಬಿಟ್ಟು ಆಕೆ ಬರುವಂತಿಲ್ಲ. ಇವರು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಒಮ್ಮೆ ಕೇಳಿದ್ದೆ. ಭಾಗಶಃ ಸಾರ್ ನನ್ನನ್ನು ಕರುಣೆಯಿಂದ ನೋಡಿ, “ವಾರಾಂತ್ಯ ಯಾರು ಬರೀತಾರೆ?” ಎಂದರು. ತಾವು ಇಲ್ಲದಿದ್ದರೆ ಈ ದೇಶದವರಿಗೆ ಕೊಡೆ ಹಿಡಿಯಬೇಕೋ ಬೇಡವೋ ತಿಳಿಯುವುದಿಲ್ಲ ಎಂಬ ಭಾವನೆ ಅವರಿಗೆ ಬಹುತೇಕ ಎಲ್ಲೆಡೆ ಇತ್ತು. ಹೀಗೆ ಎರಡು ಚಳಿಗಾಲ ಕಳೆದಿದ್ದವು.

ನಾನು ಹೇಳಹೊರಟಿರುವುದು ಈ ವರ್ಷದ ಕೊನೆಯ ಲಾಂಚಿನ ವಾರ.

ಗುರುವಾರದಿಂದಲೇ ಭಾಗಶಃ ಸಾರ್ ಅಪರೂಪಕ್ಕೆ ಬಿಸಿಲಾಗಿದ್ದರು. ಕಿಟಕಿಗೆ ಹೊಸ ಪರದೆ ತಂದಿದ್ದೇನೆ, ಹಳೆಯದನ್ನು ಅವಳು ಬೈತಿದ್ದಳು ಎಂದು ಕೇಳದೆಯೇ ಹೇಳಿದರು. ಪರದೆಯ ಬಣ್ಣ ಯಾವುದೆಂದು ಕೇಳಿದರೆ, “ಬೂದು, ಅಲ್ಲಲ್ಲಿ ನೀಲಿ” ಎಂದರು.

ಶುಕ್ರವಾರ ಎಂಟೂವರೆಗೆ, ಮಾತಾಡಬಾರದ ಹೊತ್ತಿನಲ್ಲಿ, ತಾಳೆಯಕ್ಕ ಒಳಗೆ ಬಂದರು. ನಾವು ಹೇಳಿದ ಹವಾಮಾನವನ್ನೂ ನಿಜಕ್ಕೂ ಆದ ಹವಾಮಾನವನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವುದು ಆಕೆಯ ಕೆಲಸ. ಕಚೇರಿಯಲ್ಲಿ ನಿರ್ದೇಶಕರಿಗೆ ಕೈಮುಗಿಯುತ್ತಾರೆ, ತಾಳೆಯಕ್ಕನಿಗೆ ಹೆದರುತ್ತಾರೆ. ಆಕೆಯ ಕೈಯಲ್ಲಿ ಒಂದು ಹಾಳೆಯಿತ್ತು.

“ಸಾರ್, ಒಂದು ವಿಷಯ. ಬೇಜಾರು ಮಾಡ್ಕೋಬಾರದು.”

“ವಾರಾಂತ್ಯ ಬರೀತಿದೀನಿ ಅಕ್ಕ.”

“ವಾರಾಂತ್ಯದ್ದೇ. ಮೂರು ವರ್ಷದ್ದು ತೆಗೆದು ನೋಡಿದೆ. ದೇಶ ಪೂರ್ತಿ ನಿಮ್ಮ ಲೆಕ್ಕ ಚೆನ್ನಾಗಿದೆ. ಮರಳುಗಾಡಿನ ಗಾಳಿ ಕೂಡ ಸರಿಯಾಗಿ ಹೇಳಿದೀರಿ. ಒಂದು ಜಾಗ ಬಿಟ್ಟು.”

ಭಾಗಶಃ ಸಾರ್ ಕನ್ನಡಕ ಏರಿಸಿದರು.

“ಪೂರ್ವ ಸಮುದ್ರ, ಆ ದ್ವೀಪ. ಅಲ್ಲೂ ಬೇರೆ ದಿನ ಸರಿಯಾಗೇ ಇದೆ. ತಿಂಗಳ ಎರಡನೇ ಶನಿವಾರ ಮಾತ್ರ ನಿಮ್ಮ ಗಾಳಿಗೆ ಸೋಮಾರಿತನ. ನೀವು ಮೂವತ್ತೈದು ಅಂತೀರಿ, ಅಲ್ಲಿ ನಲವತ್ತೆರಡು ಬೀಸಿದೆ. ನಲವತ್ತು ಅಂತೀರಿ, ನಲವತ್ತೆಂಟು ಬೀಸಿದೆ. ಲಾಂಚ್ ಓಡಾಡಿದ ಇಪ್ಪತ್ತು ಶನಿವಾರದಲ್ಲಿ ಹದಿನೇಳು ಹೀಗೇ. ಸರಾಸರಿ ಗಂಟೆಗೆ ಏಳು ಕಿಲೋಮೀಟರ್ ಕಡಿಮೆ.”

ಇದರಲ್ಲಿ ಏನು ಮಹಾ ಎಂದು ತಿಳಿಯಲು ಒಂದು ವಿಷಯ ಗೊತ್ತಿರಬೇಕು. ನಮ್ಮ ಪ್ರಕಟಣೆಯಲ್ಲಿ ನಲವತ್ತೈದು ಕಿಲೋಮೀಟರ್ ದಾಟಿದ ಗಾಳಿಯಿದ್ದರೆ ಬಂದರಿನವರು ಲಾಂಚ್ ಬಿಡುವುದಿಲ್ಲ. ಅವರು ಆಕಾಶ ನೋಡುವುದಿಲ್ಲ, ನಮ್ಮ ಕಾಗದ ನೋಡುತ್ತಾರೆ. ಗಾಳಿಯ ಬಗ್ಗೆ ನಮ್ಮಲ್ಲಿ ಮೂರು ಗಣಕಯಂತ್ರಗಳು ಮೂರು ಸಂಖ್ಯೆ ಹೇಳುತ್ತವೆ. ಯಾವುದನ್ನು ನಂಬಬೇಕೆಂದು ನಿರ್ಧರಿಸುವುದು ಬರೆಯುವವರ ಅನುಭವಕ್ಕೆ ಬಿಟ್ಟದ್ದು. ಭಾಗಶಃ ಸಾರ್ ಅನುಭವ ತಿಂಗಳಿಗೊಂದು ಶನಿವಾರ ಎಲ್ಲಕ್ಕಿಂತ ಸಣ್ಣ ಸಂಖ್ಯೆಯನ್ನೇ ಆರಿಸಿಕೊಂಡಿತ್ತು.

“ನಾನು ಬೇಕಂತ ಮಾಡಿಲ್ಲ” ಎಂದರು ಭಾಗಶಃ ಸಾರ್.

“ಬೇಕಂತ ಮಾಡಿದೀರಿ ಅಂತ ಯಾರಂದ್ರು? ಬೇಕಂತ ಮಾಡಿದ್ರೆ ಇಷ್ಟು ಕ್ರಮವಾಗಿ ಏಳೇ ಬರ್ತಿರ್ಲಿಲ್ಲ.”

ತಾಳೆಯಕ್ಕ ಹಾಳೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಗಾಳಿಗೆ ಹಾರದಂತೆ ಪಂಚಿಂಗ್ ಮೆಷಿನ್ ಇಟ್ಟು ಹೋದರು. ಭಾಗಶಃ ಸಾರ್ ಹದಿನೇಳು ಶನಿವಾರಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. ಅವರು ಎಂದೂ ಕಚೇರಿಯ ಫೋನಿನಿಂದ ಮನೆಯವರ ಜೊತೆ ಮಾತಾಡಿದವರಲ್ಲ. ಅಂದು ಫೋನ್ ಎತ್ತಿ ದ್ವೀಪದ ಶಾಲೆಗೆ ಮಾಡಿದರು. ಆ ಫೋನು ಹಳೆಯದು, ಅತ್ತ ಕಡೆಯ ಮಾತು ನನ್ನ ಮೇಜಿಗೂ ಕೇಳುತ್ತದೆ. ನಾನು ಕಿವಿ ಮುಚ್ಚಿಕೊಳ್ಳಬಹುದಿತ್ತು, ಮುಚ್ಚಿಕೊಳ್ಳಲಿಲ್ಲ.

“ಲಾಂಚ್‌ನಲ್ಲಿ ಬರುವಾಗ ನಿಂಗೆ ಹೇಗಾಗುತ್ತೆ?”

“ಯಾಕ್ರೀ? ಏನಾಯ್ತು?”

“ಏನಿಲ್ಲ. ಸುಮ್ನೆ ಕೇಳ್ದೆ.”

“ಮೂರು ವರ್ಷಕ್ಕೆ ಕೇಳಿದ್ರಲ್ಲ, ಸಂತೋಷ.” ಆಕೆ ನಕ್ಕರು. “ಎಲ್ಲರಿಗೂ ವಾಂತಿಗೆ ಅಂತ ಒಂದೊಂದು ಕವರ್ ಕೊಡ್ತಾರೆ. ನಂಗೆ ಕೇಳದೇನೇ ಎರಡು ಕೊಡ್ತಾರೆ. ಲಾಂಚ್‌ನವರಿಗೆ ಮುಖ ಪರಿಚಯ ಆಗಿದೆ.”

“ಮನೆಗೆ ಬಂದಾಗ ಪ್ರಯಾಣ ಚೆನ್ನಾಗಿತ್ತು ಅಂತಿದ್ದೆ.”

“ಬಸ್ಸು ಚೆನ್ನಾಗಿರ್ತಿತ್ತು.”

“ಹೇಳ್ಬೇಕಿತ್ತು ನೀನು.”

“ಹೇಳಿದ್ರೆ ನೀವು ಗಾಳಿ ಜಾಸ್ತಿ ಬರೀತಿದ್ರಿ. ಆಮೇಲೆ ಲಾಂಚ್ ಬಿಡ್ತಿರ್ಲಿಲ್ಲ.” ಅತ್ತ ಶಾಲೆಯ ಗಂಟೆ ಹೊಡೆಯಿತು. “ನಾಳೆ ಕೊನೇದು ಕಣ್ರೀ. ಬ್ಯಾಗ್ ಕಟ್ಟಿಟ್ಟಿದೀನಿ. ಮತ್ತೆ ವಸಂತದವರೆಗೂ ಇಲ್ಲ. ನಂಗೆ ಎಷ್ಟು ಕವರ್ ಬೇಕಾದ್ರೂ ಪರವಾಗಿಲ್ಲ.”

“ಲಾಂಚ್‌ನಲ್ಲಿ ಎಷ್ಟು ಜನ ಬರ್ತೀರಿ?”

“ನಲವತ್ತು ಜನ. ಇಬ್ಬರು ಬಸುರಿಯರಿದ್ದಾರೆ ಈ ಸಲ.”

ಫೋನ್ ಇಟ್ಟು ಭಾಗಶಃ ಸಾರ್ ದೇಶವನ್ನು ಬರೆಯತೊಡಗಿದರು. ಪಶ್ಚಿಮದಿಂದ ಪೂರ್ವಕ್ಕೆ ಬರೆಯುವುದು ನಮ್ಮ ಪದ್ಧತಿ. ಬಯಲಿಗೆ ಒಣಹವೆ, ಬೆಟ್ಟಗಳಿಗೆ ಹಿಮ, ನದಿಗಳಿಗೆ ಮಂಜು, ಹಣ್ಣಿನ ತೋಟಗಳಿಗೆ ಒಳ್ಳೆಯ ಬಿಸಿಲು. ಎಲ್ಲರಿಗೂ ಅವರವರದನ್ನು ಹಂಚಿ ಹನ್ನೊಂದು ಗಂಟೆಗೆ ಸಮುದ್ರದ ಅಂಚಿಗೆ ಬಂದು ನಿಂತರು. ಮೂರು ಯಂತ್ರಗಳು ಹೇಳಿದ್ದು: ನಲವತ್ತೊಂದು, ನಲವತ್ತನಾಲ್ಕು, ಐವತ್ತೆರಡು. ನೋಡಿದರೆ ಮೂರರಲ್ಲಿ ಎರಡು ಲಾಂಚಿನ ಪಕ್ಷ.

ಹನ್ನೊಂದೂವರೆಯಾಯಿತು. ಪೆನ್ನು ಏಳಲಿಲ್ಲ. ತಾಳೆಯಕ್ಕ ಬಾಗಿಲಲ್ಲಿ ಬಂದು ನಿಂತರು.

“ಅಕ್ಕ, ನನ್ನ ಮನಸ್ಸು ನಲವತ್ತೆರಡು ಅಂತಿದೆ.”

“ಅದಕ್ಕೆ ಏಳು ಸೇರಿಸಿ ಬರೀರಿ” ಎಂದರು ತಾಳೆಯಕ್ಕ. ದನಿಯಲ್ಲಿ ಗಡಸುತನವೇನೂ ಇರಲಿಲ್ಲ.

ಭಾಗಶಃ ಸಾರ್ ನಲವತ್ತೊಂಬತ್ತು ಎಂದು ಬರೆದು, ಕಾಗದವನ್ನು ನನ್ನ ಕಡೆ ತಳ್ಳಿ, ಕಿಟಕಿಯ ಹತ್ತಿರ ಹೋಗಿ ನಿಂತರು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ನಿರ್ದೇಶಕರು ಸಹಿ ಹಾಕಲು ಬಂದರು. ನಮ್ಮ ನಿರ್ದೇಶಕರ ನಂಬಿಕೆಯ ಪ್ರಕಾರ ಅವರ ಸಹಿ ಬೀಳುವವರೆಗೆ ಎಲ್ಲಿಯೂ ಹವಾಮಾನ ಶುರುವಾಗುವುದಿಲ್ಲ. ಒಮ್ಮೆ ಅವರು ನೆಂಟರಿಷ್ಟರನ್ನು ಹಿತ್ತಲಲ್ಲಿ ಊಟಕ್ಕೆ ಕೂರಿಸಿದಾಗ ಹೇಳದೆ ಕೇಳದೆ ಮಳೆ ಬಂತು. ಮೋಡಕ್ಕೆ ಮೆಮೊ ಕೊಡಲು ನಿಯಮದಲ್ಲಿ ಅವಕಾಶವಿಲ್ಲದ್ದರಿಂದ ನಮಗೆ ಕೊಟ್ಟರು. ಈಗ ಅವರು ಕಾಗದದ ಮೇಲೆ ಕಣ್ಣಾಡಿಸಿ ಕೊನೆಯ ಸಾಲಿನಲ್ಲಿ ನಿಂತರು.

“ಇದೇನ್ರೀ ನಲವತ್ತೊಂಬತ್ತು? ಚಪ್ಪಲಿ ಅಂಗಡಿ ಬೋರ್ಡ್ ಥರ ಇದೆ. ಐವತ್ತು ಮಾಡಿ. ಇಲಾಖೆ ಗಾಳಿ ಅಂದ್ಮೇಲೆ ದುಂಡಗಿರ್ಬೇಕು.”

ಹೀಗೆ ಗಾಳಿ ಐವತ್ತಾಗಿ ರೇಡಿಯೋಗೆ ಹೋಯಿತು. ಹನ್ನೆರಡೂವರೆಗೆ ದ್ವೀಪದಿಂದ ಫೋನ್ ಬಂತು.

“ಕೇಳಿದೆ” ಎಂದರು ಆಕೆ.

“ಹೂಂ.”

“ಲಾಂಚ್ ಇಲ್ಲ ಅಂತ ಬೋರ್ಡ್ ಹಾಕಿದ್ರು.”

“ಐವತ್ತು ನಂದಲ್ಲ. ನಂದು ನಲವತ್ತೊಂಬತ್ತು.”

“ಗೊತ್ತು ಬಿಡ್ರಿ. ಊಟ ಆಯ್ತಾ?”

“ಆಗ್ಬೇಕು.”

ಅಂದು ಅವರ ಡಬ್ಬಿ ತೆರೆಯಲಿಲ್ಲ. ತೆರೆಯದೆಯೇ ಒಳಗೆ ಏನಿದೆಯೆಂದು ನನಗೆ ಗೊತ್ತಿತ್ತು: ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಮೂರು ವರ್ಷದಿಂದ ಅದೇ.

ಶನಿವಾರ ಬೆಳಗ್ಗೆ ತಿದ್ದುಪಡಿಯ ಪ್ರಕಟಣೆಗೆಂದು ನಾವಿಬ್ಬರೂ ಕಚೇರಿಯಲ್ಲಿದ್ದೆವು. ದ್ವೀಪದ ಗಾಳಿಯ ಅಳತೆ ಗಂಟೆಗೊಮ್ಮೆ ಗಣಕಯಂತ್ರದ ಮೇಲೆ ಬರುತ್ತದೆ. ಏಳು ಗಂಟೆಗೆ ಇಪ್ಪತ್ತೆಂಟು. ಎಂಟಕ್ಕೆ ಮೂವತ್ತು. ಒಂಬತ್ತಕ್ಕೆ ಮೂವತ್ತೊಂದು. ಹೊರಗೆ ಕಣ್ಣು ಕೋರೈಸುವ ಬಿಸಿಲು, ಕಚೇರಿಯ ಮುಂದಿನ ಮರದಿಂದ ಒಂದೊಂದೇ ಹಳದಿ ಎಲೆ ಯಾವ ಅವಸರವೂ ಇಲ್ಲದೆ ಇಳಿಯುತ್ತಿತ್ತು. ಭಾಗಶಃ ಸಾರ್ ಯಂತ್ರದ ಮುಂದೆ ಕುಳಿತಿದ್ದರು. ಒಂಬತ್ತೂಕಾಲಿಗೆ ಆಕೆಯ ಫೋನು.

“ಇಲ್ಲಿ ಎಂಥ ಬಿಸಿಲು ಗೊತ್ತಾ? ಹೊದಿಕೆ ಎಲ್ಲ ಒಗೆದು ಹಾಕ್ದೆ. ಒಂದೂ ಹಾರಿಹೋಗಿಲ್ಲ.”

“ನೋಡ್ತಿದೀನಿ. ಮೂವತ್ತೊಂದು.”

“ಇಷ್ಟೊತ್ತಿಗೆ ಅರ್ಧ ದಾರಿ ಬಂದಿರ್ತಿದ್ದೆ.”

ಇಬ್ಬರೂ ಸ್ವಲ್ಪ ಹೊತ್ತು ಫೋನ್ ಹಿಡಿದೇ ಇದ್ದರು.

ಹತ್ತಕ್ಕೆ ಮೂವತ್ತೊಂಬತ್ತು. ಹನ್ನೊಂದಕ್ಕೆ ಐವತ್ತನಾಲ್ಕು. ಹನ್ನೆರಡಕ್ಕೆ ಐವತ್ತೇಳು. ಲಾಂಚ್ ಹೊರಟಿದ್ದರೆ ಗಾಳಿ ಏರುವ ಹೊತ್ತಿಗೆ ಎರಡೂ ದಡ ಕಾಣದ ನೀರಿನಲ್ಲಿ ಇರುತ್ತಿತ್ತು. ನಾನು ಎದ್ದು ಹೋಗಿ ಅವರ ಹೆಗಲು ತಟ್ಟಿ, “ನಿಮ್ಮ ಮಾತು ನಿಜ ಆಯ್ತು ಸಾರ್” ಎಂದೆ.

“ಆಯ್ತು” ಎಂದರು ಭಾಗಶಃ ಸಾರ್. “ಈಗ ಅದನ್ನ ಮನೆಗೆ ತಗೊಂಡು ಹೋಗಿ ಏನ್ ಮಾಡ್ಲಿ?”

ಎರಡೂವರೆಗೆ, ಆಕೆ ಬಾಗಿಲು ತಟ್ಟಬೇಕಾಗಿದ್ದ ಹೊತ್ತಿನಲ್ಲಿ, ಅವರು ಇನ್ನೂ ಕಚೇರಿಯಲ್ಲೇ ಇದ್ದರು. ಮನೆಗೆ ಹೋಗುವುದನ್ನು ಮುಂದೂಡುತ್ತಿದ್ದರೆಂದು ಕಾಣುತ್ತದೆ. ಹೊಸ ಪರದೆ ಅಲ್ಲಿ ಕಾಯುತ್ತಿತ್ತಲ್ಲ.

ಸೋಮವಾರ ತಾಳೆಯಕ್ಕ ಮತ್ತೆ ಬಂದರು. ಈ ಸಲ ಕೈಯಲ್ಲಿ ಹಾಳೆಯಿರಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತರು.

“ಸಾರ್, ಸರಕಿನ ಹಡಗು ಇನ್ನೆರಡು ವಾರಕ್ಕೆ ಹೋಗುತ್ತಂತೆ. ನೀವ್ಯಾಕೆ ಹೋಗ್ಬಾರ್ದು?”

“ವಾರಾಂತ್ಯ ಯಾರು ಬರೀತಾರೆ?”

“ಹೋದ ಚಳಿಗಾಲ ನಿಮಗೆ ಜ್ವರ ಬಂದು ಮಲಗಿದ್ರಲ್ಲ, ಎರಡು ವಾರ. ಆವಾಗ ನಾನೇ ಬರೆದೆ.”

“ನೀವಾ? ನಿರ್ದೇಶಕರು ಬೇರೆ ಕಚೇರಿಯಿಂದ ಕರೆಸಿದ್ರು ಅಂದ್ಕೊಂಡಿದ್ದೆ.”

“ಯಾರ್ನೂ ಕರೆಸ್ಲಿಲ್ಲ. ನಾನು ಬರೆದೆ, ಅವರು ಸಹಿ ಹಾಕಿದ್ರು.”

“ಮತ್ತೆ ಜನ?”

“ಜನ ಏನು?”

“ಏನೂ ಅನ್ಲಿಲ್ವಾ? ಬರವಣಿಗೆ ಬದಲಾಗಿದೆ, ಹಿಂದಿನ ಥರ ಇಲ್ಲ, ಅಂತೇನಾದ್ರೂ?”

“ಒಂದು ಕಾಗದಾನೂ ಬರ್ಲಿಲ್ಲ ಸಾರ್.”

ಭಾಗಶಃ ಸಾರ್ ನನ್ನ ಕಡೆ ನೋಡಿದರು. ಆ ಎರಡು ವಾರ ತಾಳೆಯಕ್ಕನ ಬರಹವನ್ನು ತಿದ್ದಿದವನು ನಾನೇ. ನಿಜ ಹೇಳಬೇಕೆಂದರೆ ತಿದ್ದಲು ಏನೂ ಇರಲಿಲ್ಲ. ನಾನು ಪೆನ್ಸಿಲ್ ಚೂಪು ಮಾಡುವುದರಲ್ಲಿ ಮಗ್ನನಾದೆ.

“ತಾಳೆ ನೋಡಿದ್ರಾ?” ಎಂದು ಕೇಳಿದರು. ಕೇಳಬಾರದಿತ್ತು.

“ನೋಡ್ದೆ. ನಿಮ್ಮದಕ್ಕಿಂತ ಚೂರು ಮೇಲು. ಜಾಸ್ತಿ ಏನಿಲ್ಲ.”

ಒಬ್ಬ ಮನುಷ್ಯ ತಾನು ಹೊತ್ತಿದ್ದೇನೆಂದು ಮೂರು ವರ್ಷ ತಿಳಿದಿದ್ದ ದೇಶ ತನ್ನಷ್ಟಕ್ಕೆ ತಾನು ನಡೆಯುತ್ತಿತ್ತೆಂದು ತಿಳಿದಾಗ ಅವನ ಮುಖ ಹೇಗಾಗುತ್ತದೆಂದು ಅಂದು ನೋಡಿದೆ. ಮೊದಲು ಅವಮಾನ. ಆಮೇಲೆ ಅದರ ಹಿಂದಿನಿಂದ ಬೇರೇನೋ ಬಂತು. ಅವರು ಬೆರಳು ಮಡಿಚುತ್ತ ಏನನ್ನೋ ಎಣಿಸಿದರು. ಎರಡು ಚಳಿಗಾಲದಲ್ಲಿ ಎಷ್ಟು ಹಡಗುಗಳು ತನ್ನನ್ನು ಬಿಟ್ಟು ಹೋದವೆಂದು ಎಣಿಸಿರಬೇಕು. ಎರಡೂ ಕೈಯ ಬೆರಳು ಮುಗಿದ ಮೇಲೆ ನಿಲ್ಲಿಸಿದರು.

“ಅವಳೇ ಬರ್ಬೇಕಾಗಿತ್ತು ಪ್ರತಿ ಸಲ” ಎಂದರು, ನಮಗಲ್ಲ. “ಎರಡೆರಡು ಕವರ್ ಹಿಡ್ಕೊಂಡು.”

ಅಂದೇ ರಜೆಯ ಅರ್ಜಿ ತುಂಬಿದರು. ಎರಡು ವಾರದ ರಜೆ. ಅದರಲ್ಲಿ ‘ಕಾರಣ’ ಎಂದೊಂದು ಸಾಲಿದೆ. ನಾವೆಲ್ಲ ಅಲ್ಲಿ ‘ಅನಿವಾರ್ಯ ಕೌಟುಂಬಿಕ ಸಂದರ್ಭ’ ಎಂದು ಬರೆಯುತ್ತೇವೆ. ಭಾಗಶಃ ಸಾರ್ ‘ಹೆಂಡತಿ’ ಎಂದು ಬರೆದರು. ನಿರ್ದೇಶಕರು ಕರೆಸಿದರು.

“ನಿಮ್ಮ ಮಿಸೆಸ್‌ಗೆ ಏನಾಗಿದೆ?”

“ಏನೂ ಆಗಿಲ್ಲ ಸಾರ್.”

“ಮತ್ತೆ ಕಾರಣ ಅಂತ ಬರ್ದಿದೀರಿ?”

“ಇದ್ದಾಳಲ್ಲ ಸಾರ್.”

ನಿರ್ದೇಶಕರು ಆ ಅರ್ಜಿಯನ್ನು ಅರ್ಧ ದಿನ ಮೇಜಿನ ಮೇಲಿಟ್ಟುಕೊಂಡು, ಇಂಥ ಕಾರಣಕ್ಕೆ ನಿಯಮ ಯಾವುದೆಂದು ಹುಡುಕಿ, ಸಿಗದೆ, ಸಹಿ ಹಾಕಿದರು.

ಹಡಗಿಗೆ ಹೊರಡುವ ದಿನ ಭಾಗಶಃ ಸಾರ್ ಹೊಸ ಪರದೆಯನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟುಕೊಂಡರಂತೆ. ಅವಳ ಅಲ್ಲಿನ ಕಿಟಕಿಗೆ ಅಳತೆ ಸರಿಹೋಗುತ್ತದೋ ಇಲ್ಲವೋ ಗೊತ್ತಿಲ್ಲ, ಆ ಕಿಟಕಿಯನ್ನೇ ನಾನು ನೋಡಿಲ್ಲ ಎಂದರು. ಹೆಂಡತಿಗೆ ಹೇಳಿರಲಿಲ್ಲ. ಹೇಳಿದರೆ ಸುಮ್ಮನೆ ದಾರಿ ಕಾಯುತ್ತಾಳೆ, ಸಮುದ್ರದ ವಿಷಯ ಯಾರಿಗೆ ಗೊತ್ತು ಎಂಬುದು ಅವರ ಲೆಕ್ಕ. ಇಪ್ಪತ್ತಾರು ವರ್ಷದಿಂದ ಸಮುದ್ರದ ವಿಷಯ ದೇಶಕ್ಕೆಲ್ಲ ಹೇಳಿದವರು ಹೀಗೆಂದಾಗ ನಾನು ನಗಬಾರದೆಂದು ನಗಲಿಲ್ಲ.

ಆ ಶುಕ್ರವಾರ ವಾರಾಂತ್ಯ ಬರೆದದ್ದು ತಾಳೆಯಕ್ಕ. ಪಶ್ಚಿಮದ ಬಯಲು ಕೊನೆಗೂ ತಣ್ಣಗಾಗಿತ್ತು. ನಡುನಾಡಿನ ಮಂಜು ಹತ್ತು ಗಂಟೆಯವರೆಗೂ ಏಳುವುದಿಲ್ಲವೆಂದು ಬರೆದರು. ಪೂರ್ವ ಸಮುದ್ರಕ್ಕೆ ಬಂದಾಗ ಆಕೆಯ ಪೆನ್ನೂ ಸ್ವಲ್ಪ ನಿಂತಿತು. ನಾನು ಎದುರಿನಿಂದ ನೋಡುತ್ತಿದ್ದೆ. ಸರಕಿನ ಹಡಗಿಗೆ ಮಿತಿ ಅರವತ್ತು. ಆಕೆ ಅರವತ್ತೆರಡು ಎಂದು ಬರೆದು, ನನ್ನನ್ನು ನೋಡದೆ ಕಾಗದ ತಳ್ಳಿದರು.

ಎರಡು ಗಂಟೆಗೆ ಬಂದರಿನಿಂದ ಫೋನು.

“ಅಕ್ಕ ಇದ್ದಾರಾ?”

ಕೊಟ್ಟೆ.

“ಅಕ್ಕ, ಐವತ್ತೆಂಟು ಆಗಲ್ವಾ?”

“ಆಗಲ್ಲ ಸಾರ್.”

“ನನ್ನ ಮನಸ್ಸು ಐವತ್ತೈದು ಅಂತಿದೆ.”

“ಗೊತ್ತು. ಅದಕ್ಕೇ ನಿಮ್ಮ ಏಳು ಸೇರಿಸಿದೀನಿ.”

ಅತ್ತ ಕಡೆ ಭಾಗಶಃ ಸಾರ್ ನಕ್ಕದ್ದು ಕೇಳಿತು. ಪೂರ್ತಿ ನಕ್ಕರು. ತಾಳೆಯಕ್ಕ ಫೋನನ್ನು ನನ್ನ ಕೈಗೆ ಕೊಟ್ಟು ಮುಖ ತೊಳೆಯಲು ಹೋದರು.

“ಯಾವಾಗ ಬಿಡ್ತಾರಂತೆ?” ಎಂದೆ.

“ಸೋಮವಾರ ನೋಡೋಣ ಅಂತಾರೆ. ಮಂಗಳವಾರಾನೂ ಆಗ್ಬಹುದು.”

“ಎರಡು ಗಂಟೆ ದಾರಿ. ಮನೆಗೆ ಬಂದು ಸೋಮವಾರ ಹೋಗಿ ಸಾರ್. ಅಲ್ಲಿ ಎಲ್ಲಿ ಇರ್ತೀರಿ?”

“ಒಂದು ರೂಮ್ ಸಿಕ್ಕಿದೆ. ಹಗ್ಗ ಮಾರೋ ಅಂಗಡಿ ಮೇಲೆ. ಗಾಳಿಗೆ ಬಾಗಿಲು ನಿಲ್ಲಲ್ಲ, ಕುರ್ಚಿ ಅಡ್ಡ ಇಟ್ಟಿದೀನಿ. ಅವಳಿಗೆ ಫೋನ್ ಮಾಡ್ದೆ. ತಡೆಯೋಕಾಗ್ಲಿಲ್ಲ. ಎಲ್ಲಿದೀರಿ ಅಂದ್ಲು. ಬಂದರಿನಲ್ಲಿ ಅಂದೆ. ಯಾವ ಬಂದರು ಅಂದ್ಲು. ಈ ಕಡೇದು ಅಂದೆ.”

“ಮನೆಗೆ ಹೋಗಿ ಅನ್ಲಿಲ್ವಾ ಅವರು?”

“ಅಂದ್ಲು. ಬರಲ್ಲ ಅಂದೆ. ಮನೇಲಿದ್ರೆ ಅವಳಿಗೂ ನನಗೂ ಮಧ್ಯ ಎಷ್ಟೋ ಇರುತ್ತೆ. ಬೀದಿ, ಬಸ್ಸು, ಕಚೇರಿ, ನೀವು. ಇಲ್ಲಿ ಕಿಟಕಿ ತೆಗೆದ್ರೆ ನೀರು ಬಿಟ್ಟು ಬೇರೇನಿಲ್ಲ.”

ಹಡಗು ಮಂಗಳವಾರವೂ ಬಿಡಲಿಲ್ಲ. ಬುಧವಾರ ಬೆಳಗ್ಗೆ ನಾನು ಬಂದರಿಗೆ ಫೋನ್ ಮಾಡಿದಾಗ ಹಗ್ಗದ ಅಂಗಡಿಯವರು ಎತ್ತಿದರು. ನಿಮ್ಮವರು ಬೆಳಕು ಹರಿಯುವ ಮೊದಲೇ ಪೆಟ್ಟಿಗೆ ತಗೊಂಡು ಹಡಗು ನಿಲ್ಲುವ ದಕ್ಕೆಗೆ ಹೋಗಿ ಕೂತಿದ್ದಾರೆ, ಗಾಳಿ ಇನ್ನೂ ಇಳಿದಿಲ್ಲ, ಹೇಳಿದರೂ ಒಳಗೆ ಬರುತ್ತಿಲ್ಲ ಎಂದರು.